ಬಳ್ಳಾರಿ ಬಿಸಿಲಿನಿಂದ ಹಿಮದ ದಾರಿಗೆ: ಮಾರ್ಚ್, ಏಪ್ರಿಲ್‌ನಲ್ಲಿ ಯಾವ ಚಾರಣ ಆರಿಸಬೇಕು?

ಶಿವರಾತ್ರಿ ಮುಗಿದು ಬಿಸಿಲು ಏರತೊಡಗಿದರೆ ಸಾಕು, ನಮ್ಮ ಕಡೆಯಿಂದ ಒಂದಿಬ್ಬರಾದರೂ ಫೋನ್ ಮಾಡುತ್ತಾರೆ. "ಅಣ್ಣಾ, ಪರೀಕ್ಷೆ ಮುಗಿದ ಮೇಲೆ ಹಿಮ ನೋಡೋಕೆ ಹೊರಡ್ತೀವಿ. ಕೇದಾರಕಂಠ ಆಗುತ್ತಾ, ಬೇರೆ ಯಾವುದಾದ್ರೂ ಹೇಳ್ತೀರಾ?" ಅವರು ಕೇಳುವುದು ಹಿಮಾಲಯದಲ್ಲಿ ಯಾವ ಜಾಗ ಅಂತ. ನಾನು ತಿರುಗಿ ಕೇಳುವುದು ತಾರೀಖು. ಯಾವ ವಾರ ಹೊರಡುತ್ತೀರಿ ಅಂತ ಗೊತ್ತಾದರೆ ಅರ್ಧ ಉತ್ತರ ಸಿಕ್ಕ ಹಾಗೆ. ಉಳಿದರ್ಧ ಎರಡು ವಿಷಯಗಳಲ್ಲಿದೆ: ಕೈಯಲ್ಲಿ ಎಷ್ಟು ದಿನ ರಜೆ ಇದೆ, ರಾತ್ರಿ ಎಷ್ಟು ಎತ್ತರದಲ್ಲಿ ಮಲಗಬೇಕಾಗುತ್ತದೆ. ಫೋಟೋ ನೋಡಿ ಜಾಗ ಆರಿಸಲೇಬೇಡಿ. ಜನವರಿಯ ಫೋಟೋ ನಂಬಿ ಏಪ್ರಿಲ್ ಕೊನೆಗೆ ಹೋದವರು ಕೆಸರು ತುಳಿದು ಬಂದದ್ದನ್ನು ನೋಡಿದ್ದೇನೆ.

ನಾವು ಬಯಲುಸೀಮೆಯವರು. ಬಳ್ಳಾರಿ, ಕೊಪ್ಪಳ, ರಾಯಚೂರು ಯಾವುದೇ ಇರಲಿ, ನಮ್ಮ ಮನೆಗಳು ಸಮುದ್ರಮಟ್ಟದಿಂದ 400ರಿಂದ 530 ಮೀಟರ್ ಎತ್ತರದಲ್ಲಿವೆ. ಏಪ್ರಿಲ್‌ನಲ್ಲಿ ಇಲ್ಲಿ 40 ಡಿಗ್ರಿ ಬಿಸಿಲು. ಅಲ್ಲಿ ಮೇಲಿನ ಕ್ಯಾಂಪಿನಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ. ನಾಲ್ಕೈದು ದಿನದಲ್ಲಿ ಮೈ ಇಷ್ಟು ದೊಡ್ಡ ಬದಲಾವಣೆಗೆ ಒಗ್ಗಿಕೊಳ್ಳಬೇಕು. ಡೆಹ್ರಾಡೂನ್ ಹುಡುಗರಿಗೆ ಸುಲಭ ಅನ್ನಿಸಿದ್ದು ನಮಗೂ ಸುಲಭ ಅಂತ ಲೆಕ್ಕ ಹಾಕಬಾರದು. ಅದಕ್ಕೇ ಈ ಹೋಲಿಕೆಯನ್ನು ನಮ್ಮ ಕಡೆಯವರ ಲೆಕ್ಕದಲ್ಲೇ ಬರೆಯುತ್ತಿದ್ದೇನೆ.

ಮೊದಲು ವಸಂತದ ಹಿಮ ಹೇಗಿರುತ್ತೆ ಅಂತ

ಚಳಿಗಾಲದ ಹೊಸ ಹಿಮ ಹಿಟ್ಟಿನ ಹಾಗೆ ಹಗುರ. ಮಾರ್ಚ್‌ನ ಹಿಮದ ಗುಣ ಬೇರೆ. ಹಗಲು ಬಿಸಿಲಿಗೆ ಮೇಲಿನ ಪದರ ಕರಗುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ದಿನಾ ಇದೇ. ಬೆಳಗಿನ ಜಾವ ಅದರ ಮೇಲೆ ಕಾಲಿಟ್ಟರೆ ಖಡಕ್ ರೊಟ್ಟಿ ಮುರಿದಂಥ ಸದ್ದು. ಕೆಳಗೆ ಗಟ್ಟಿ ನೆಲ. ಬೂಟಿನ ಅಡಿಗೆ ಹಾಕುವ ಮುಳ್ಳಿನ ಚೈನು, ಅಂದರೆ ಮೈಕ್ರೋಸ್ಪೈಕ್, ಕಚ್ಚಿ ಹಿಡಿಯುತ್ತದೆ. ಧೈರ್ಯವಾಗಿ ನಡೆಯಬಹುದು. ಹನ್ನೊಂದು ಗಂಟೆ ದಾಟಲಿ, ಅದೇ ದಾರಿ ನೆನೆದ ಅವಲಕ್ಕಿಯ ಹಾಗಾಗುತ್ತದೆ.

ಒಮ್ಮೆ ಮಧ್ಯಾಹ್ನ ಇಳಿಯುವಾಗ ನನ್ನ ಮಾವನ ಮಗನ ಬಲಗಾಲು ತೊಡೆಯ ತನಕ ಹೂತುಹೋಯಿತು. ಎಡ ಮೊಣಕಾಲು ಮೇಲೇ ಇತ್ತು. ಬೆನ್ನಿಗೆ ಬ್ಯಾಗು. ಎದ್ದು ನಿಲ್ಲಲು ಹೋದಷ್ಟೂ ಒಳಗೆ ಇಳಿಯುತ್ತಿದ್ದ. ನಾವೆಲ್ಲ ಸುಮ್ಮನಾದಾಗ ಹಿಮದ ಕೆಳಗಿಂದ ಸಣ್ಣಗೆ ನೀರು ಹರಿಯುವ ಸದ್ದು ಕೇಳಿಸಿತು. ನಾವು ಹಳ್ಳದ ಮೇಲೆ ನಿಂತಿದ್ದೆವು. ಗೈಡ್ ಹುಡುಗ ಓಡಿ ಬರಲಿಲ್ಲ. ದೂರದಲ್ಲೇ ನಿಂತು, ಬ್ಯಾಗು ಬಿಚ್ಚು, ಹಿಮದ ಮೇಲೆ ಮಲಗು, ಹೊರಳಿಕೊಂಡು ಬಾ ಅಂದ. ಹಾಗೇ ಮಾಡಿದ. ಬಂದ. ಬೂಟಿನ ತುಂಬ ಹಿಮ, ಮುಖ ಬೆಳ್ಳಗೆ. ಅವತ್ತಿನಿಂದ ನಮ್ಮ ತಂಡದಲ್ಲಿ ಒಂದು ನಿಯಮ ಇದೆ. ಮಾರ್ಚ್, ಏಪ್ರಿಲ್‌ನಲ್ಲಿ ಹಿಮದ ಮೇಲಿನ ನಡಿಗೆ ಹನ್ನೊಂದರೊಳಗೆ ಮುಗಿಯಬೇಕು. ಕಡಿದಾದ ಇಳಿಜಾರಿನ ಕೆಳಗೆ ಮಧ್ಯಾಹ್ನ ನಿಲ್ಲುವುದಿಲ್ಲ. ಒದ್ದೆಯಾಗಿ ತೂಕ ಹೆಚ್ಚಿದ ಹಿಮ ಜಾರುವುದು ಆ ಹೊತ್ತಿನಲ್ಲೇ ಜಾಸ್ತಿ.

ಇನ್ನೊಂದು ವಿಷಯ. ಮೆಡಿಟರೇನಿಯನ್ ಕಡೆಯಿಂದ ಬರುವ ಮೋಡಗಳು ಏಪ್ರಿಲ್ ತನಕವೂ ಪಶ್ಚಿಮ ಹಿಮಾಲಯದಲ್ಲಿ ಹಿಮ ಸುರಿಸುತ್ತವೆ. ಹವಾಮಾನ ಇಲಾಖೆಯವರು ಇದನ್ನು ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನುತ್ತಾರೆ. ಒಮ್ಮೆ ಬಂದರೆ ಎರಡು ಮೂರು ದಿನ ಬಿಡುವುದಿಲ್ಲ. ಹಾಗಾಗಿ ಹಿಮ ಎಷ್ಟಿರುತ್ತೆ ಅಂತ ತಿಂಗಳ ಮುಂಚೆ ಯಾರೂ ಖಾತ್ರಿ ಕೊಡಲಾರರು. ಕೊಟ್ಟರೆ ನಂಬಬೇಡಿ.

ಕೇದಾರಕಂಠ: ಮಾರ್ಚ್ 20ರೊಳಗಾದರೆ ಇದೇ

ಉತ್ತರಕಾಶಿ ಜಿಲ್ಲೆಯ ಸಾಂಕ್ರಿ ಅನ್ನೋ ಹಳ್ಳಿಯಿಂದ ಶುರು. ಡೆಹ್ರಾಡೂನ್‌ನಿಂದ ಸಾಂಕ್ರಿಗೆ ಸುಮಾರು 200 ಕಿಲೋಮೀಟರ್. ನಮ್ಮ ಹೆದ್ದಾರಿ ಲೆಕ್ಕದಲ್ಲಿ ಮೂರೂವರೆ ಗಂಟೆ ಅನ್ನಿಸುತ್ತದೆ. ಅಲ್ಲಿ ಪೂರ್ತಿ ಒಂದು ಹಗಲು ಹೋಗುತ್ತದೆ. ತಿರುವಿನ ದಾರಿ, ವಾಂತಿ ಬರುವವರು ಮಾತ್ರೆ ಇಟ್ಟುಕೊಳ್ಳಿ. ದಾರಿಯಲ್ಲಿ ಸಿಗುವ ಪುರೋಲಾ ಪಟ್ಟಣದ ಎಟಿಎಂನಲ್ಲೇ ದುಡ್ಡು ತೆಗೆದುಕೊಂಡು ಬಿಡಿ.

ತುದಿ 12,500 ಅಡಿ. ನಡಿಗೆ ನಾಲ್ಕು ದಿನ. ಮೊದಲ ರಾತ್ರಿ ಜೂಡಾ ಕಾ ತಾಲಾಬ್ ಕೆರೆಯ ಹತ್ತಿರ, ಸುಮಾರು 9,000 ಅಡಿ. ಎರಡನೇ ರಾತ್ರಿ 11,000 ಅಡಿ ಮೇಲಿನ ಬೇಸ್ ಕ್ಯಾಂಪು. ಮೂರನೇ ದಿನ ನಸುಕಿಗೆ ಎದ್ದು ತುದಿ. ಇಲ್ಲಿ ಒಂದು ಒಳ್ಳೇದು, ಒಂದು ಕೆಟ್ಟದ್ದು. ಒಳ್ಳೇದು ಏನಂದರೆ ಮೊದಲ ಸಲ ಹೋಗುವವರಿಗೂ ಒಂದು ಶಿಖರ ಮುಟ್ಟಿದ ಸಮಾಧಾನ ಸಿಗುತ್ತದೆ. ಮೇಲೆ ನಿಂತರೆ ಸ್ವರ್ಗಾರೋಹಿಣಿ, ಬಂದರ್‌ಪೂಂಛ್ ಶಿಖರಗಳು ಎದುರಿಗೇ ಕಾಣುತ್ತವೆ. ಕೆಟ್ಟದ್ದು ಅಂದರೆ ಏರಿಕೆಯ ವೇಗ. ಸಾಂಕ್ರಿ ಇರುವುದು ಸುಮಾರು 6,400 ಅಡಿಯಲ್ಲಿ. ಎರಡು ರಾತ್ರಿ ಕಳೆಯುವಷ್ಟರಲ್ಲಿ ನೀವು 11,000 ಅಡಿಯಲ್ಲಿ ಮಲಗಿರುತ್ತೀರಿ. ಬೆಟ್ಟದ ವೈದ್ಯರು ಹೇಳುವ ಲೆಕ್ಕ ಹೀಗಿದೆ: 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು. ಕೇದಾರಕಂಠದ ಸಾಮಾನ್ಯ ವೇಳಾಪಟ್ಟಿ ಈ ಲೆಕ್ಕದ ಅಂಚಿಗೇ ಇದೆ. ಅದಕ್ಕೆ ನನ್ನ ಸಲಹೆ, ಸಾಂಕ್ರಿಯಲ್ಲಿ ಒಂದು ರಾತ್ರಿ ಜಾಸ್ತಿ ಇರಿ. ದುಡ್ಡು ಹೆಚ್ಚೇನೂ ಆಗುವುದಿಲ್ಲ. ಆ ದಿನ ಸುಮ್ನೆ ಊರು ಸುತ್ತಿ, ಮೇಲಿನ ದಾರಿಯಲ್ಲಿ ಎರಡು ಗಂಟೆ ಹತ್ತಿ ಇಳಿದು ಬನ್ನಿ.

ಮಾರ್ಚ್ 20ರ ತನಕ ನಾನು ಕಣ್ಣು ಮುಚ್ಚಿ ಇದನ್ನು ಹೇಳುತ್ತೇನೆ. ಆಮೇಲೆ ಕೆಳಗಿನ ಕಾಡಿನಲ್ಲಿ ಹಿಮ ಹೋಗಿ ಕೆಸರು ಶುರುವಾಗುತ್ತದೆ. ತುದಿಯಲ್ಲಿ ಹಿಮ ಇರುತ್ತದೆ, ಆದರೆ ನಮ್ಮವರಿಗೆ ಬೇಕಾದದ್ದು ದಾರಿಯುದ್ದಕ್ಕೂ ಬಿಳಿ ನೆಲ ಅಲ್ವಾ? ಏಪ್ರಿಲ್ ಮಧ್ಯಕ್ಕೆ ಅದು ಸಿಗುವುದು ಕಷ್ಟ. ಜನಸಂದಣಿಯೂ ಇದೆ. ಡಿಸೆಂಬರ್‌ನ ಜಾತ್ರೆಗೆ ಹೋಲಿಸಿದರೆ ಮಾರ್ಚ್ ಎಷ್ಟೋ ವಾಸಿ.

ದಯಾರಾ ಬುಗ್ಯಾಲ್: ಮನೆಮಂದಿ ಜೊತೆಗಿದ್ದರೆ

ಅಪ್ಪ, ಅಮ್ಮ, ಹತ್ತನೇ ಕ್ಲಾಸಿನ ಮಕ್ಕಳು ಎಲ್ಲರೂ ಬರುತ್ತಾರೆ ಅಂದರೆ ನಾನು ಕೇದಾರಕಂಠದ ಹೆಸರೇ ಎತ್ತುವುದಿಲ್ಲ. ದಯಾರಾ ಹೇಳುತ್ತೇನೆ. ಉತ್ತರಕಾಶಿ ದಾಟಿ ರೈಥಲ್ ಅನ್ನೋ ಊರು ಸಿಗುತ್ತದೆ. ಕಲ್ಲು, ಮರದ ಹಳೆಯ ಮನೆಗಳ ಊರು. ಅಲ್ಲಿಂದ ಓಕ್ ಕಾಡಿನ ಒಳಗೆ ಏರಿಕೆ. ಕಾಡು ಮುಗಿದ ತಕ್ಷಣ ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಬುಗ್ಯಾಲ್ ಅಂದರೆ ಗಢವಾಲಿಯಲ್ಲಿ ಎತ್ತರದ ಹುಲ್ಲುಗಾವಲು. ಮಾರ್ಚ್‌ನಲ್ಲಿ ಅದು ಹುಲ್ಲಲ್ಲ, ಅಲೆಅಲೆಯಾದ ಬಿಳಿ ಮೈದಾನ. ತುಂಗಭದ್ರಾ ಡ್ಯಾಮು ತುಂಬಿದಾಗ ದಂಡೆಯಲ್ಲಿ ನಿಂತರೆ ಕಣ್ಣಿಗೆ ಆಚೆ ದಡ ಹತ್ತುವುದಿಲ್ಲವಲ್ಲ, ಹಾಗೆ.

ಬುಗ್ಯಾಲ್ ಮೇಲೆ ಟೆಂಟ್ ಹಾಕುವಂತಿಲ್ಲ. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಬುಗ್ಯಾಲ್‌ಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿತು. ಹುಲ್ಲಿನ ಬೇರು ಹಾಳಾಗುತ್ತೆ ಅನ್ನೋದು ಕಾರಣ, ಸರಿಯಾದ ಕಾರಣವೇ. ಇದರಿಂದ ನಮಗೂ ಒಂದು ಉಪಕಾರ ಆಗಿದೆ. ಕ್ಯಾಂಪುಗಳು ಕೆಳಗೆ ಕಾಡಿನ ಅಂಚಿನಲ್ಲಿರುತ್ತವೆ. ಮಲಗುವುದು ತಗ್ಗಿನಲ್ಲಿ, ಹಗಲು ಮಾತ್ರ ಎತ್ತರಕ್ಕೆ ಹೋಗಿ ಬರುವುದು. ಬಯಲುಸೀಮೆಯ ತಲೆಗೆ, ಶ್ವಾಸಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಸುಸ್ತಾದವರು ಹುಲ್ಲುಗಾವಲಿನ ಅಂಚಿನಲ್ಲೇ ಕೂತು ಬಂದರ್‌ಪೂಂಛ್ ನೋಡಬಹುದು, ಹುಮ್ಮಸ್ಸಿದ್ದವರು 12,000 ಅಡಿ ಹತ್ತಿರದ ಮೇಲಿನ ದಿಬ್ಬಕ್ಕೆ ಹೋಗಬಹುದು. ಒಬ್ಬರಿಗಾಗಿ ಎಲ್ಲರೂ ವಾಪಸ್ ಬರಬೇಕು ಅನ್ನೋ ಸಂಕಟ ಇಲ್ಲಿಲ್ಲ. ಮಾರ್ಚ್ ಪೂರ್ತಿ ಒಳ್ಳೆಯ ಹೊತ್ತು. ಏಪ್ರಿಲ್ ಮೊದಲ ವಾರದ ನಂತರ ಹಿಮ ಅಲ್ಲಲ್ಲಿ ತೇಪೆಯಾಗುತ್ತದೆ.

ಹರ್ ಕಿ ದೂನ್: ಏಪ್ರಿಲ್‌ಗೆ ನನ್ನ ಮೊದಲ ಆಯ್ಕೆ

ಶಾಲೆ, ಕಾಲೇಜಿನ ರಜೆ ಸಿಗುವುದೇ ಏಪ್ರಿಲ್‌ನಲ್ಲಿ. ಆಗ ಈ ಕಣಿವೆ. ಇದೂ ಸಾಂಕ್ರಿಯಿಂದಲೇ. ತಾಲೂಕಾ ಅನ್ನೋ ಊರಿನ ತನಕ ಜೀಪು, ಆಮೇಲೆ ಹೊಳೆಯ ಜೊತೆಗೇ ನಡಿಗೆ. ಇಲ್ಲಿ ಶಿಖರ ಹತ್ತುವುದಿಲ್ಲ. ಕಣಿವೆಯ ಒಳಗೆ ಒಳಗೆ ಹೋಗುತ್ತಾ 11,700 ಅಡಿಯ ತೊಟ್ಟಿಲಿನಂಥ ಜಾಗ ಮುಟ್ಟುತ್ತೀರಿ. ಎದುರಿಗೆ ಸ್ವರ್ಗಾರೋಹಿಣಿ. ಧರ್ಮರಾಯ ನಾಯಿ ಜೊತೆ ಸ್ವರ್ಗಕ್ಕೆ ನಡೆದು ಹೋದದ್ದು ಈ ದಾರಿಯಲ್ಲೇ ಅಂತ ಅಲ್ಲಿನ ನಂಬಿಕೆ. ಆನೆಗೊಂದಿ, ಅಂಜನಾದ್ರಿ ಪಕ್ಕದಲ್ಲಿ ಬೆಳೆದ ನಮಗೆ ಇದು ಹೊಸದಲ್ಲ. ನಮ್ಮ ಬಂಡೆಗಳಲ್ಲಿ ರಾಮಾಯಣ ಇದ್ದ ಹಾಗೆ ಅವರ ಹಿಮದಲ್ಲಿ ಮಹಾಭಾರತ ಇದೆ.

ಏಪ್ರಿಲ್‌ನಲ್ಲಿ ಕೆಳಗೆ ಹಳ್ಳಿಗಳ ಹತ್ತಿರ ಹೊಲ ಹಸಿರು, ಬುರಾಂಶ್ ಮರಗಳಲ್ಲಿ ಕೆಂಪು ಹೂ. ಮೇಲೆ ಹೋದ ಹಾಗೆ ಹಿಮ. ಒಂದೇ ದಿನದ ನಡಿಗೆಯಲ್ಲಿ ಎರಡೂ ಕಾಣುತ್ತವೆ. ಓಸ್ಲಾ, ಸೀಮಾ ಕಡೆ ಹಳ್ಳಿಯ ಮನೆಗಳಲ್ಲೇ ಉಳಿಯಬಹುದು. ನಾವು ಉಳಿದ ಮನೆಯಲ್ಲಿ ಒಲೆ ನಡುಮನೆಯಲ್ಲೇ ಇತ್ತು. ಕಂಬ, ತೊಲೆ ಎಲ್ಲ ಹೊಗೆಗೆ ಕಪ್ಪಾಗಿ ಮಿನುಗುತ್ತಿದ್ದವು. ಆ ಮನೆಯ ತಾಯಿ ರಾಜ್ಮಾ, ಕೆಂಪಕ್ಕಿ ಅನ್ನ ಬಡಿಸಿದರು. ನಮ್ಮ ಚೀಲದ ಶೇಂಗಾ ಚಟ್ನಿ ಪುಡಿ ಅವರ ಅನ್ನಕ್ಕೆ ಕಲೆಸಿಕೊಟ್ಟೆವು. ಎರಡನೇ ಸಲ ಅವರೇ ಕೈ ಚಾಚಿದರು.

ಕಷ್ಟ ಏನು? ದೂರ. ಹೋಗಿ ಬರುವ ನಡಿಗೆ ಕೇದಾರಕಂಠಕ್ಕಿಂತ ಹೆಚ್ಚು. ದಿನಗಳೂ ಹೆಚ್ಚು ಬೇಕು. ಆದರೆ ಏರಿಕೆ ನಿಧಾನ. ಮಂಡಿ ನೋವಿಲ್ಲದ, ದೂರ ನಡೆಯಬಲ್ಲ ಯಾರೇ ಆದರೂ ಇದನ್ನು ಮಾಡಬಹುದು. ರಜೆ ಕಡಿಮೆ ಇದ್ದರೆ ಮಾತ್ರ ಬೇಡ. ಅರ್ಧ ಕಣಿವೆ ನೋಡಿ ತಿರುಗಿ ಬಂದರೆ ಮನಸ್ಸು ಕೊರೆಯುತ್ತದೆ.

ಸಂದಕ್‌ಫು: ಹಿಮ ಕಾಲಡಿ ಬೇಡ, ಕಣ್ಣೆದುರು ಸಾಕು ಅನ್ನುವವರಿಗೆ

ಪಶ್ಚಿಮ ಬಂಗಾಳದ ಅತಿ ಎತ್ತರದ ಜಾಗ, 3,636 ಮೀಟರ್. ಡಾರ್ಜಿಲಿಂಗ್ ಹತ್ತಿರದ ಮಾನೇಭಂಜನ್‌ನಿಂದ ನೇಪಾಳದ ಗಡಿಯ ಮೇಲೇ ನಡಿಗೆ. ಏಪ್ರಿಲ್‌ನಲ್ಲಿ ಇಲ್ಲಿ ಹಿಮ ನೆಚ್ಚಿಕೊಂಡು ಹೋಗಬೇಡಿ. ಬಿದ್ದರೆ ಅದೃಷ್ಟ. ಇಲ್ಲಿಯ ಸೊಬಗು ಎರಡು. ಒಂದು ರೋಡೋಡೆಂಡ್ರಾನ್ ಹೂವಿನ ಕಾಡು. ಇನ್ನೊಂದು, ಆಕಾಶ ತಿಳಿಯಾಗಿದ್ದ ಮುಂಜಾನೆ ಕಾಂಚನಜುಂಗಾ, ಎವರೆಸ್ಟ್, ಲೋತ್ಸೆ, ಮಕಾಲು ಒಂದೇ ಜಾಗದಿಂದ ಕಾಣುವುದು. ಜಗತ್ತಿನ ಅತಿ ಎತ್ತರದ ಐದು ಶಿಖರಗಳಲ್ಲಿ ನಾಲ್ಕು ಇವೇ.

ಟೆಂಟ್ ಬೇಡ, ದಾರಿಯುದ್ದಕ್ಕೂ ಲಾಡ್ಜ್ ಇವೆ. ಜೀಪಿನ ದಾರಿಯೂ ಇದೆ. ಯಾರಿಗಾದರೂ ಆಗದಿದ್ದರೆ ಬೇಗ ಇಳಿಸಬಹುದು. ಹಾಗಾಗಿ ವಯಸ್ಸಾದವರಿಗೆ ಇದು ಧೈರ್ಯದ ಆಯ್ಕೆ. ಗೈಡ್ ಕಡ್ಡಾಯ, ಆಧಾರ್ ಅಥವಾ ಮತದಾರರ ಚೀಟಿ ಕೈಯಲ್ಲಿರಲಿ. ನಮಗೆ ತೊಡಕು ಪ್ರಯಾಣ. ಬೆಂಗಳೂರಿನಿಂದ ಗುವಾಹಟಿ ಕಡೆಯ ರೈಲು ಹಿಡಿದು ನ್ಯೂ ಜಲ್ಪಾಯ್‌ಗುರಿಯಲ್ಲಿ ಇಳಿಯಬೇಕು, ಇಲ್ಲವೇ ಬಾಗ್ಡೋಗ್ರಾಗೆ ವಿಮಾನ.

ಕುಆರಿ ಪಾಸ್ ಬಗ್ಗೆಯೂ ಕೇಳುತ್ತಾರೆ. ಉತ್ತರಾಖಂಡದ ಜೋಶಿಮಠದ ಕಡೆಯದು. ನಂದಾದೇವಿ ಅಷ್ಟು ಚೆನ್ನಾಗಿ ಕಾಣುವ ಚಾರಣ ಕಡಿಮೆ. ಏಪ್ರಿಲ್‌ನಲ್ಲೂ ಮೇಲೆ ಹಿಮ ಸಿಗುತ್ತದೆ. ಎರಡನೇ ಸಲ ಹಿಮಾಲಯಕ್ಕೆ ಹೋಗುವವರಿಗೆ ಇದನ್ನು ಹೇಳುತ್ತೇನೆ.

ಒಂದಕ್ಕೆ ಮಾತ್ರ ಬೇಡ ಅನ್ನುತ್ತೇನೆ

ಕುಆರಿ ಪಾಸ್ ಪಕ್ಕದಲ್ಲೇ ಪಂಗರ್‌ಚುಲ್ಲಾ ಶಿಖರ ಇದೆ. ಹದಿನಾಲ್ಕೂವರೆ ಸಾವಿರ ಅಡಿಗೂ ಮೇಲೆ. ಏಪ್ರಿಲ್‌ನಲ್ಲಿ ಹಿಮ ಖಾತ್ರಿ ಅಂತ ಈಗ ಹುಡುಗರು ನೇರ ಅದಕ್ಕೇ ಹೆಸರು ಕೊಡುತ್ತಿದ್ದಾರೆ. ಕೊನೆಯ ದಿನ ಕಡಿದಾದ ಹಿಮದ ಇಳಿಜಾರು, ಹತ್ತು ಗಂಟೆಗೂ ಮೀರಿದ ನಡಿಗೆ. ಮೊದಲ ಸಲಕ್ಕೆ ಇದು ಬೇಡವೇ ಬೇಡ.

ಹೆದರಿಸಲು ಹೇಳುತ್ತಿಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್‌ಗೆ ಹೋಗಿದ್ದ ಕರ್ನಾಟಕದ ತಂಡ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಮಂದಿ ತೀರಿಕೊಂಡರು. ಅದು ಜನವರಿ ಅಲ್ಲ, ಜೂನ್. ಆ ವಾರ ನಮ್ಮ ಎಷ್ಟೋ ಮನೆಗಳಲ್ಲಿ ಅಮ್ಮಂದಿರು ಚಾರಣದ ಹೆಸರು ಕೇಳಿದರೆ ಎದ್ದು ಹೋಗುತ್ತಿದ್ದರು. ನನ್ನ ಮನೆಯಲ್ಲೂ ಹಾಗೇ. ಎತ್ತರದಲ್ಲಿ ಗಾಳಿ ಎದ್ದು ದಾರಿ ಕಾಣದೆ ಹೋದರೆ ಎಷ್ಟು ಅನುಭವ ಇದ್ದರೂ ಸಾಲದು. ಅದಕ್ಕೆ ನಾನು ಹಟ ಹಿಡಿದು ಹೇಳುವುದು: ಮೊದಲ ಎರಡು ಚಾರಣ 13,000 ಅಡಿಯ ಒಳಗೇ ಇರಲಿ, ಒಂದು ದಿನದೊಳಗೆ ಇಳಿದು ರಸ್ತೆ ಸೇರುವ ದಾರಿಯೇ ಇರಲಿ.

ತಲೆನೋವು, ವಾಕರಿಕೆ, ಊಟ ಸೇರದಿರುವುದು ಎತ್ತರದ ಕಾಯಿಲೆಯ ಮೊದಲ ಸೂಚನೆ. ಅಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ಸುಮ್ಮನೆ ಕೂತಾಗಲೂ ಏದುಸಿರು ಬಂದರೆ, ನೇರ ಗೆರೆಯಲ್ಲಿ ನಡೆಯಲು ಆಗದೆ ತೂರಾಡಿದರೆ, ರಾತ್ರಿ ಎಷ್ಟೇ ಆಗಿರಲಿ ಇಳಿಸಲೇಬೇಕು. ಬೆಳಗಾಗಲಿ ಅಂತ ಕಾಯಬಾರದು. ಎತ್ತರಕ್ಕೆ ಮೈ ಒಗ್ಗಲೆಂದು ಕೊಡುವ ಡಯಾಮಾಕ್ಸ್ ಮಾತ್ರೆ ತಗೋಬೇಕೋ ಬೇಡವೋ ಅನ್ನೋದನ್ನು ಊರಲ್ಲೇ ನಿಮ್ಮ ಡಾಕ್ಟರ್ ಹತ್ತಿರ ಕೇಳಿಕೊಂಡು ಹೋಗಿ. ಬಿಪಿ, ಅಸ್ತಮಾ, ಸಲ್ಫಾ ಅಲರ್ಜಿ ಇದ್ದರೆ ಮುಚ್ಚಿಡಬೇಡಿ.

ಬ್ಯಾಗು ನೀವೇ ಹೊರುವುದಾ, ಹೇಸರಗತ್ತೆಗೆ ಕೊಡುವುದಾ?

ನಮ್ಮ ಗಂಗಾವತಿ ಗೆಳೆಯನಿಗೆ ತನ್ನ ಸಾಮಾನು ತಾನೇ ಹೊರಬೇಕು ಅನ್ನೋ ಆಸೆ. ಆಸೆ ದೊಡ್ಡದು, ಗೌರವಿಸುತ್ತೇನೆ. ಆದರೆ ಹಿಮದಲ್ಲಿ ಒಂದೊಂದು ಕಿಲೋ ಕೂಡ ಕಾಲನ್ನು ಇನ್ನಷ್ಟು ಹೂಳುತ್ತದೆ. ಊರಲ್ಲಿ ಹನ್ನೆರಡು ಕಿಲೋ ಹೊತ್ತು ಆರು ತಾಸು ನಡೆಯಲು ಆಗುತ್ತಾ ನೋಡಿ. ಆದರೆ ಹೊರಿ. ಆಗದಿದ್ದರೆ ದೊಡ್ಡ ಬ್ಯಾಗು ಕೊಟ್ಟುಬಿಡಿ, ನೀರು, ರೇನ್‌ಕೋಟು, ತಿಂಡಿ, ಔಷಧಿಯ ಸಣ್ಣ ಬ್ಯಾಗು ಮಾತ್ರ ಬೆನ್ನಿಗಿರಲಿ. ಹಿಮ ಆಳ ಇದ್ದ ಕಡೆ ಹೇಸರಗತ್ತೆ ಬರುವುದಿಲ್ಲ. ಆಗ ಹೊರುವುದು ಮನುಷ್ಯರೇ. ಅವರ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.

ದೊಡ್ಡ ಚಾರಣ ಕಂಪನಿಯಾ, ಸ್ಥಳೀಯ ಗೈಡಾ ಅನ್ನೋದಕ್ಕೆ ನನ್ನ ಉತ್ತರ ಸರಳ. ಮೊದಲ ಸಲ, ಹಿಂದಿಯೂ ಅಷ್ಟಕ್ಕಷ್ಟೇ ಅಂದರೆ ಕಂಪನಿಯ ತಂಡದ ಜೊತೆ ಹೋಗಿ. ಮುಂಗಡ ಕಟ್ಟುವ ಮುಂಚೆ ಮೂರು ವಿಷಯ ಕೇಳಿ: ಆಕ್ಸಿಜನ್ ಸಿಲಿಂಡರ್ ಮೇಲಿನ ಕ್ಯಾಂಪಿಗೂ ಬರುತ್ತಾ, ಒಬ್ಬ ಗೈಡ್‌ಗೆ ಎಷ್ಟು ಜನ, ಹವಾಮಾನ ಕೆಟ್ಟರೆ ಹೆಚ್ಚುವರಿ ದಿನ ಇದೆಯಾ. ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿ. ಒಮ್ಮೆ ನಾವು ಕೇಳದೆ ಹೋಗಿ, ಮೇಲೆ ಹೋದ ಮೇಲೆ ಸಿಲಿಂಡರ್ ಕೆಳಗಿನ ಕ್ಯಾಂಪಿನಲ್ಲೇ ಉಳಿದಿದೆ ಅಂತ ಗೊತ್ತಾಯಿತು. ಅವತ್ತು ಯಾರಿಗೂ ಬೇಕಾಗಲಿಲ್ಲ, ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎರಡನೇ ಸಲದಿಂದ ಅದೇ ಊರಿನ ಗೈಡ್ ಜೊತೆ ನೇರವಾಗಿ ಮಾತಾಡಿಕೊಳ್ಳಬಹುದು. ಅರಣ್ಯ ಇಲಾಖೆ ಪರವಾನಗಿ ಅವರೇ ಮಾಡಿಸುತ್ತಾರೆ, ದುಡ್ಡೂ ಆ ಊರಲ್ಲೇ ಉಳಿಯುತ್ತದೆ.

ಸ್ವಂತ ಅಡುಗೆ ಮಾಡಿಕೊಳ್ಳುತ್ತೇವೆ ಅನ್ನುವವರು ನೆನಪಿಡಿ: ಗ್ಯಾಸ್ ಡಬ್ಬಿಯನ್ನು ರೈಲಿನಲ್ಲೂ ವಿಮಾನದಲ್ಲೂ ಒಯ್ಯುವಂತಿಲ್ಲ. ಡೆಹ್ರಾಡೂನ್‌ನಲ್ಲೇ ಕೊಳ್ಳಬೇಕು. ಬರೀ ಬ್ಯೂಟೇನ್ ಡಬ್ಬಿ ಸೊನ್ನೆ ಡಿಗ್ರಿ ಹತ್ತಿರ ಬಂದರೆ ಉರಿಯುವುದೇ ಇಲ್ಲ. ಐಸೋಬ್ಯೂಟೇನ್, ಪ್ರೊಪೇನ್ ಬೆರೆಸಿದ್ದು ಕೇಳಿ ತಗೊಳ್ಳಿ.

ಜೀನ್ಸ್ ಊರಲ್ಲೇ ಇರಲಿ

ಬಳ್ಳಾರಿ ಜೀನ್ಸ್‌ಗೆ ಹೆಸರಾದ ಊರು. ನಮ್ಮ ಓಣಿಯಲ್ಲೇ ಹಗಲೂ ರಾತ್ರಿ ಹೊಲಿಗೆ ಮಷಿನ್ ಸದ್ದು. ಹಾಗಾಗಿ ನಮ್ಮ ಹುಡುಗರು ಎಲ್ಲಿಗೆ ಹೋದರೂ ಜೀನ್ಸ್. ಹಿಮಕ್ಕೆ ಮಾತ್ರ ಬೇಡ. ಹತ್ತಿ ಬಟ್ಟೆ ನೀರು ಹೀರುತ್ತದೆ, ಒಣಗುವುದಿಲ್ಲ, ಮೈ ಶಾಖವನ್ನೆಲ್ಲ ಎಳೆದುಬಿಡುತ್ತದೆ. ಹೂತ ಕಾಲಿನ ಕತೆ ಹೇಳಿದೆನಲ್ಲ, ಅವನು ಅವತ್ತು ಹಾಕಿದ್ದು ಜೀನ್ಸೇ. ಸಂಜೆ ಟೆಂಟಿನ ಹಗ್ಗಕ್ಕೆ ಹಾಕಿದ್ದ. ಬೆಳಿಗ್ಗೆ ನೋಡಿದರೆ ಹಲಗೆಯ ಹಾಗೆ ಸೆಟೆದು ನಿಂತಿತ್ತು. ಮಡಚಲು ಹೋದರೆ ಒಳಗಿನ ಐಸು ಲಟಲಟ ಅಂದಿತು. ಅವನ ಹತ್ತಿರ ಇದ್ದದ್ದು ಅದೊಂದೇ ದಪ್ಪ ಪ್ಯಾಂಟು.

ಬೇಗ ಒಣಗುವ ಟ್ರ್ಯಾಕ್ ಪ್ಯಾಂಟು ಎರಡು, ಒಳಗೆ ಥರ್ಮಲ್, ನಡುವೆ ಫ್ಲೀಸ್, ಮೇಲೆ ಗಾಳಿ ನೀರು ತಡೆಯುವ ಜಾಕೆಟ್. ಒಂದು ದಪ್ಪ ಸ್ವೆಟರ್‌ಗಿಂತ ಮೂರು ತೆಳು ಪದರ ಒಳ್ಳೇದು. ಹತ್ತುವಾಗ ಬೆವರುತ್ತೀರಿ, ಒಂದು ತೆಗೆಯಬಹುದು. ಉಣ್ಣೆ ಸಾಕ್ಸ್ ಒಂದು ಜೊತೆ ಮಲಗುವಾಗ ಮಾತ್ರ ಹಾಕಿಕೊಳ್ಳಲು ಇಟ್ಟುಕೊಳ್ಳಿ. ಜಾಕೆಟ್, ಕೋಲು, ಬೂಟಿನೊಳಗೆ ಹಿಮ ಹೋಗದ ಹಾಗೆ ಕಾಲಿಗೆ ಕಟ್ಟುವ ಗೇಟರ್, ಮೈಕ್ರೋಸ್ಪೈಕ್ ಸಾಂಕ್ರಿಯಲ್ಲೇ ಬಾಡಿಗೆಗೆ ಸಿಗುತ್ತವೆ. ಬೂಟು ಬಾಡಿಗೆಗೆ ಬೇಡ, ಸ್ವಂತದ್ದು ಕೊಂಡು ಒಂದು ತಿಂಗಳು ಊರಲ್ಲಿ ತುಳಿದು ಹೋಗಿ.

ಕಪ್ಪು ಕನ್ನಡಕ ಶೋಕಿಗಲ್ಲ. ಹೊಸ ಹಿಮ ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ಶೇಕಡಾ 80ರಷ್ಟನ್ನು ತಿರುಗಿ ಮುಖಕ್ಕೇ ಎಸೆಯುತ್ತದೆ. ಕನ್ನಡಕ ಇಲ್ಲದೆ ಒಂದು ಹಗಲು ನಡೆದರೆ ರಾತ್ರಿ ಕಣ್ಣಲ್ಲಿ ಮರಳು ಹಾಕಿದ ಹಾಗೆ ಉರಿ. ಬಳ್ಳಾರಿ ಬಿಸಿಲು ಕಂಡವರು ನಾವು ಅಂತ ಧೈರ್ಯ ಮಾಡಬೇಡಿ. ಇಲ್ಲಿ ಬಿಸಿಲು ಬರುವುದು ಮೇಲಿಂದ ಮಾತ್ರ, ಅಲ್ಲಿ ಕೆಳಗಿಂದಲೂ ಬರುತ್ತದೆ.

ತಿನ್ನುವ ವಿಷಯದಲ್ಲಿ ನಾವು ಪುಣ್ಯವಂತರು. ಖಡಕ್ ಜೋಳದ ರೊಟ್ಟಿಯಷ್ಟು ಹಗುರವಾಗಿ, ವಾರಗಟ್ಟಲೆ ಕೆಡದೆ ಇರುವ ಊಟ ಇನ್ಯಾವುದಿದೆ? ಸ್ಟೀಲ್ ಡಬ್ಬಿಯಲ್ಲಿ ಇಟ್ಟರೆ ಪುಡಿಯಾಗುವುದಿಲ್ಲ. ಗುರೆಳ್ಳು ಪುಡಿ, ಶೇಂಗಾ ಪುಡಿ ಜೊತೆಗಿರಲಿ. ಅಂಟಿನ ಉಂಡೆ ದಿನಕ್ಕೆ ಎರಡು ಸಾಕು, ಮಧ್ಯಾಹ್ನದ ತನಕ ಕಾಲು ಸೋಲುವುದಿಲ್ಲ. ಎಣ್ಣೆ ಮಾತ್ರ ಒಯ್ಯಬೇಡಿ, ಚಳಿಗೆ ಹೆಪ್ಪುಗಟ್ಟಿ ಬಾಟಲಿಯಿಂದ ಇಳಿಯುವುದೇ ಇಲ್ಲ.

ತಯಾರಿ, ಟಿಕೆಟು

ಅಂಜನಾದ್ರಿಗೆ ಸುಮಾರು 575 ಮೆಟ್ಟಿಲು. ಕೊಪ್ಪಳ, ಗಂಗಾವತಿ ಕಡೆಯವರು ವಾರಕ್ಕೆ ಮೂರು ದಿನ, ಬಿಸಿಲೇರುವ ಮುಂಚೆ, ಬ್ಯಾಗು ಹೊತ್ತು ಹತ್ತಿ ಇಳಿಯಿರಿ. ಮೊದಲು ಒಂದು ಸಲ, ತಿಂಗಳ ಕೊನೆಗೆ ಮೂರು ಸಲ. ಬಳ್ಳಾರಿಯವರಿಗೆ ಕೋಟೆ ಗುಡ್ಡ ಇದೆ, ಭಾನುವಾರ ಸಂಡೂರಿನ ಬೆಟ್ಟಗಳಿವೆ. ರಾಯಚೂರಿನವರಿಗೆ ಊರ ನಡುವೆಯೇ ಕೋಟೆ ಬೆಟ್ಟ. ಇಳಿಯುವುದನ್ನೂ ಅಭ್ಯಾಸ ಮಾಡಿ. ಮಂಡಿ ಕೈಕೊಡುವುದು ಹತ್ತುವಾಗಲ್ಲ, ಇಳಿಯುವಾಗ.

ಕೇದಾರಕಂಠ, ದಯಾರಾ, ಹರ್ ಕಿ ದೂನ್ ಮೂರಕ್ಕೂ ದಾರಿ ಒಂದೇ: ದೆಹಲಿ, ಡೆಹ್ರಾಡೂನ್. ಕರ್ನಾಟಕ ಎಕ್ಸ್‌ಪ್ರೆಸ್ ರಾಯಚೂರಿಗೇ ಬರುತ್ತದೆ. ಬಳ್ಳಾರಿಯವರು ಗುಂತಕಲ್‌ಗೆ ಹೋಗಿ ಅದನ್ನೇ ಹಿಡಿಯಬಹುದು. ಹೋಗಿ ಬರುವ ರೈಲಿನ ದಿನಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ ದಯಾರಾಕ್ಕೆ ಹತ್ತು ದಿನ, ಕೇದಾರಕಂಠಕ್ಕೆ ಹನ್ನೊಂದು, ಹರ್ ಕಿ ದೂನ್‌ಗೆ ಹದಿಮೂರು ದಿನ ಇಟ್ಟುಕೊಳ್ಳಿ. ಇದರಲ್ಲಿ ಒಂದು ದಿನ ಸುಮ್ನೆ ಖಾಲಿ ಬಿಟ್ಟದ್ದು. ವಾಪಸ್ ಟಿಕೆಟನ್ನು ಆ ದಿನ ಬಿಟ್ಟು ಮಾಡಿಸಿ. ಟಿಕೆಟ್ ತಪ್ಪುತ್ತೆ ಅನ್ನೋ ಅವಸರದಲ್ಲಿ ಕೆಟ್ಟ ಹವಾಮಾನದಲ್ಲೂ ಹೊರಡುವವರನ್ನು ನಾನು ನೋಡಿದ್ದೇನೆ.

ಕಳೆದ ಸಲ ನಮಗೆ ಆ ಖಾಲಿ ದಿನ ಬೇಕಾಯಿತು. ಸಾಂಕ್ರಿಯಲ್ಲಿ ಬೆಳಿಗ್ಗೆ ಎದ್ದರೆ ಹಿಮ ಬೀಳುತ್ತಿತ್ತು, ಗೈಡ್ ಇವತ್ತು ಬೇಡ ಅಂದ. ಕಿಟಕಿ ಪಕ್ಕ ಕೂತು ರೊಟ್ಟಿ ಡಬ್ಬಿ ತೆಗೆದೆವು. ಹೊರಗೆ ಅಂಗಳ, ಜೀಪು, ಕಟ್ಟಿಗೆ ರಾಶಿ ಎಲ್ಲ ಒಂದೊಂದಾಗಿ ಬೆಳ್ಳಗಾಗುತ್ತಿದ್ದವು. ಸಂಜೆ ಮನೆಗೆ ಫೋನ್ ಮಾಡಿದಾಗ ಅಮ್ಮ ಕೇಳಿದರು, "ಇವತ್ತು ಎಷ್ಟು ಹತ್ತಿದ್ರೀ?" ಏನೂ ಇಲ್ಲಮ್ಮ, ಕೂತಿದ್ದೀವಿ ಅಂದೆ. "ಹಾಗೇ ಕೂತಿರ್ರೀ, ನಿಂತ ಮೇಲೆ ಹೋಗಿ" ಅಂದರು. ಮರುದಿನ ಆಕಾಶ ತೊಳೆದಿಟ್ಟ ಹಾಗಿತ್ತು. ನಸುಕಿಗೇ ಹೊರಟೆವು.